ಜೋಳದ ಕಾಳಿನಷ್ಟು ಸಾಕ್ಷಿ

ನರಗುಂದದ ಕಾಳಿನ ಗೋದಾಮಿನಲ್ಲಿ ಒಂದು ಕಣ್ಣು ಕಳುವಾಗಿತ್ತು.

ನಗಬೇಡಿ. ಇದು ೧೯೫೭ರ ಚಳಿಗಾಲದ ಮಾತು. ಅಲ್ಲಿನ ಫೌಜದಾರ ನಾನು, ಹನುಮಪ್ಪ. ಎತ್ತು, ಸೈಕಲ್ಲು, ಹಿತ್ತಾಳೆ ಕೊಡ ಕಳುವಾದ ಫಿರ್ಯಾದಿ ಎಷ್ಟೋ ಬರೆದುಕೊಂಡಿದ್ದೆ. ಕಣ್ಣು ಮಾತ್ರ ಅದೇ ಮೊದಲು.

ಗೋದಾಮಿನ ನಡುವೆ ತೊಲೆಯಿಂದ ನೆಲದವರೆಗೆ ಮೂವತ್ತಡಿ ಪರದೆ ಇಳಿಬಿಟ್ಟಿದ್ದರು; ಹಿತ್ತಲ ಬಾಗಿಲು ಅದರ ಹಿಂದೆ ಮರೆಯಾಗಿತ್ತು. ಅದರ ತುಂಬ ಒಬ್ಬ ರೈತ ಹೆಣ್ಣುಮಗಳ ನಗುಮುಖ. ನತ್ತೇ ಬಂಡಿಯ ಗಾಲಿಯಷ್ಟಿತ್ತು. ಎದುರಿಗೆ ನಿಂತ ನಮ್ಮ ಎಡಗೈ ಕಡೆಯ ಕಣ್ಣು ಸರಿಯಾಗಿತ್ತು. ಬಲಗೈ ಕಡೆಯದರಲ್ಲಿ ಪಾಪೆ ಇದ್ದಲ್ಲಿ ಊಟದ ತಟ್ಟೆಯಗಲದ ತೂತು.

"ಮಧ್ಯಾಹ್ನ ಬಾಗಿಲದಾಗ ಕುಂತು ರೊಟ್ಟಿ ತಿಂದ್ನಿರಿ," ಎಂದ ಕಾವಲುಗಾರ ನೀಲಪ್ಪ. "ಒಳಗ ಒಂದ ನೊಣಾನೂ ಹೋಗಿಲ್ಲ. ತಿರುಗಿ ನೋಡ್ತೀನಿ, ಕಣ್ಣ ಮಾಯ!"

ಪರದೆ ತಮ್ಮದೆಂದು ಚಿತ್ರಸ್ಪರ್ಧೆಗೆ ತಂದಿಟ್ಟವರು ಅರ್ಜುನಪ್ಪ ಮಾಸ್ತರು. ನಾಟಕದ ಪರದೆ ಬರೆಯುವುದರಲ್ಲಿ ರೋಣದಿಂದ ಗಜೇಂದ್ರಗಡದವರೆಗೆ ಅವರದೇ ಹೆಸರು. ನಾಲ್ಕು ಗಂಟೆಗೆ ಧಾರವಾಡದಿಂದ ಪರೀಕ್ಷಕರು ಬರುವವರಿದ್ದರು. ಯಾರ ಚಿತ್ರ ಗೆಲ್ಲುತ್ತದೋ ಅವರಿಗೆ ಶಾಲೆಯಲ್ಲಿ ಚಿತ್ರ ಕಲಿಸುವ ನೌಕರಿ.

"ಇದು ಅಡಿವೆವ್ವನ ಕೆಲಸ," ಎಂದರು ಮಾಸ್ತರು. "ನನ್ನ ಬಣ್ಣ ಅರೆಯೋ ಆಳು. ಪರದೆ ತಾನ ಬರದೀನಿ ಅಂತ ನಿನ್ನಿ ಜಗಳಾ ತಗದ್ಲು. ಹೊಟ್ಟಿಕಿಚ್ಚರಿ!"

* * *

ಮೊದಲು ರೋಣದ ಬೋರ್ಡು ಬರೆಯುವ ಗ್ಯಾನಪ್ಪನನ್ನು ಹಿಡಿದೆ. ಅವನೂ ಸ್ಪರ್ಧೆಗೆ ಬಂದಿದ್ದ. ಚೀಲದಲ್ಲಿ ಹೊಸ ಕ್ಷೌರದ ಕತ್ತಿ ಬೇರೆ.

"ಗಡ್ಡ ಮಾಡ್ಕೊಳ್ಳಾಕರೀ ಸಾಹೇಬ್ರ!" ಎಂದು ಅಳುವುದೊಂದೇ ಬಾಕಿ. ಮಧ್ಯಾಹ್ನವೆಲ್ಲ ಅವನು ಚಹಾದಂಗಡಿಯ ಮುಂದೆ ಏಣಿ ಹತ್ತಿ ಬೋರ್ಡು ಬರೆಯುತ್ತಿದ್ದುದನ್ನು ಅರ್ಧ ಊರೇ ನೋಡಿತ್ತು. ಬಿಟ್ಟೆ.

ಆಮೇಲೆ ಅಡಿವೆವ್ವ. ಲಕ್ಕಲಕಟ್ಟಿಯ ಕೂಲಿಯವರ ಮಗಳು. ಊರಲ್ಲಿ ಕೌದಿ ಹೊಲಿಯುವ ಲಾಲಬಿಯ ಮನೆಯಲ್ಲಿ ಇಳಿದುಕೊಂಡಿದ್ದಳು. ಗೋದಾಮಿಗೆ ಕರೆತರದೆ ನೆಟ್ಟಗೆ ಠಾಣೆಗೇ ಎಳೆದುತಂದೆ. ನನ್ನ ಶಾಣ್ಯಾತನ ಅಷ್ಟಿತ್ತು!

"ಕಣ್ಣಿನ ಪಾಪಿ ಕತ್ತರಿಸ್ಯಾರ?" ಅವಳು ನೆಲಕ್ಕೆ ಕುಸಿದಳು. "ಹಂಗಾದ್ರ ನನ್ನ ಚಿತ್ರ ಹೋತು."

"ಯಾವ ಚಿತ್ರ?"

"ಆ ಪಾಪಿಯೊಳಗ ಜೋಳದ ಕಾಳಿನಷ್ಟು ಇನ್ನೊಂದು ಬರದಿದ್ನಿರಿ. ದೊಡ್ಡ ಮುಖಾ ಸುಣ್ಣಾ ಬಳಿಯೋ ಕುಂಚದಾಗ ಬರದೆ. ಸಣ್ಣದು ಅಳಿಲಿನ ಎರಡ ಕೂದಲದಾಗ. ಒಂದ ಪರದಿ ಅರಿವ್ಯಾಗ ಅಷ್ಟು ದೊಡ್ಡದು, ಇಷ್ಟು ಸಣ್ಣದು ಎರಡೂ ಕೂಡ್ತಾವೇನು ನೋಡೂನು ಅಂತ. ನಾಕು ತಿಂಗಳ ಹಿಡೀತು."

ಲಾಲಬಿ ನಮ್ಮ ಬೆನ್ನಿಗೇ ಬೈಯುತ್ತ ಬಂದಿದ್ದಳು. ಪರದೆಯ ಪಟ್ಟಿಗಳನ್ನು ಕೂಡಿಸಿ ಹೊಲಿದವಳು ಅವಳೇ. ಈಗ ಬೈಗುಳ ನಿಲ್ಲಿಸಿದಳು.

"ಯಾವ ಕಣ್ಣಾಗವ್ವಾ?"

"ಎದುರಿಗೆ ನಿಂತ್ರ ಎಡಗೈ ಕಡೇದು. ನಿನ್ನಿ ಸಂಜಿ ಮಾಸ್ತರ ಮುಂದ ಬೊಟ್ಟು ಮಾಡಿ ಹೇಳೇನಿ. ಪರೀಕ್ಷಕರಿಗೆ ಭೂತಗನ್ನಡಿ ಹಿಡದು ತೋರಿಸ್ತೀನಿ ಅಂದೆ. ಮತ್ಯಾರಿಗೂ ಹೇಳಿಲ್ಲ."

ನಾನು ಕುರ್ಚಿಯಿಂದ ಎದ್ದೆ. ಕತ್ತರಿಸಿದ್ದು ಬಲಗೈ ಕಡೆಯದಲ್ಲವೇ?

* * *

ನಾಲ್ಕು ಗಂಟೆ. ಅಡಿವೆವ್ವನನ್ನೂ ಲಾಲಬಿಯನ್ನೂ ಕರೆದುಕೊಂಡು ಬರುವಷ್ಟರಲ್ಲಿ ಪರೀಕ್ಷಕರು ಬಂದಿದ್ದರು. ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲ. ಲಾಲಬಿ ಸೀರೆ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ತೂತಿನ ಅಂಚನ್ನು ಬೆರಳಲ್ಲಿ ಸವರಿದಳು.

"ಮುಂದಿನಿಂದ ಕತ್ತರಿಸಿದ್ರ ನೂಲಿನ ಎಳಿ ಹಿಂದಕ್ಕ ಬಾಗ್ತಾವ. ಇವು ನಮ್ಮ ಕಡಿ ಬಾಗ್ಯಾವ. ಚಾಕು ಹಿಂದಿನಿಂದ ಬಂದೈತಿ ಸಾಹೇಬ್ರ. ಹಿತ್ತಲ ಬಾಗಿಲದಾಗ ಬಂದ್ರ ನೀಲಪ್ಪಗ ಹ್ಯಾಂಗ ಕಾಣಬೇಕು?"

"ಅಡಿವೆವ್ವನೂ ಹಿತ್ತಲ ಬಾಗಿಲದಾಗ ಬರಬಹುದಲ್ಲ!" ಎಂದರು ಮಾಸ್ತರು.

"ಬರಬಹುದು. ಆದ್ರ ತಾನ ಬರದ ಪರದಿ ತಾನ ಯಾಕ ಕೆಡಿಸ್ತಾಳ? ಒಂದು ಪಾಪಿಯೊಳಗ ಆಕಿ ಕಾಳಿನಷ್ಟು ಚಿತ್ರ ಬರದಾಳ. ಅದು ಎಡಗೈ ಕಡೀದು ಅಂತ ಕೇಳಿದಾಂವ ಹಿಂದ ಹೋಗಿ ತನ್ನ ಎಡಗೈ ಕಡೀದನ್ನ ತಗದಾನ. ಹಿಂದಿನಿಂದ ಕಣ್ಣಿನ ಬಿಳುಪಷ್ಟ ಮಸಕ ಮಸಕ ಕಾಣತೈತಿ, ಪರದಿ ಹಿಂದ ನಿಂತ್ರ ಎಡಾ ಬಲಾ ಅದಲಿ ಬದಲಿ. ನಾವು ಕೌದಿಯವರು ದಿನಾ ಅರಿವಿ ಮಗಚಿ ಮಗಚಿ ಹೊಲಿತೀವಿ, ನಮಗ ತಪ್ಪೂದಿಲ್ಲ. ಮುಂದ ನಿಂತು ಬಣ್ಣಾ ಹಚ್ಚೋರಿಗೆ ತಪ್ಪತೈತಿ. ಅಡಿವೆವ್ವ ಹೇಳಿದ್ದು ನಿಮಗೊಬ್ಬರಿಗೇ ಮಾಸ್ತರ."

ಮಾಸ್ತರು ಮೀಸೆ ತಿರುವಿದರು. "ಕಾಳಿನಷ್ಟು ಚಿತ್ರ ಅಂತ! ಇದ್ರ ನಾನ ಬರದಿದ್ದು."

"ಚಲೋ ಆತು," ಎಂದೆ ನಾನು. "ಅದರಾಗ ಏನೈತಿ ಹೇಳ್ರಿ."

ಮಾಸ್ತರು ಕತ್ತೆತ್ತಿ ಪರದೆ ನೋಡಿದರು. ಕೊನೆಗೆ "ನರಗುಂದದ ಗುಡ್ಡ" ಎಂದರು.

ಅಡಿವೆವ್ವ ನನ್ನ ಕಿವಿಯಲ್ಲಿ ತನ್ನ ಉತ್ತರ ಹೇಳಿದಳು. ನನಗೆ ನಗು ತಡೆಯುವುದೇ ಕಷ್ಟವಾಯಿತು.

ಹಿರಿಯ ಪರೀಕ್ಷಕರು ಭೂತಗನ್ನಡಿ ಹಿಡಿದು ಏಣಿ ಹತ್ತಿದರು. ಉಳಿದ ಪಾಪೆಗೆ ಮುಖ ಹಚ್ಚಿದರು.

"ಒಬ್ಬ ಹುಡುಗಿ ಏಣಿ ಮೇಲೆ ನಿಂತು ಪರದೆ ಬರೆಯುತ್ತಿದ್ದಾಳೆ," ಎಂದು ಅವರು ಮೇಲಿಂದ ಕೂಗಿದರು. "ಕೆಳಗೆ ಚಾಪೆ ಮೇಲೆ ಒಬ್ಬರು ಟೊಪ್ಪಿಗೆ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದಾರೆ. ಗಿರಿಜಾ ಮೀಸೆ ಟೊಪ್ಪಿಗೆಯ ಎರಡೂ ಕಡೆಯಿಂದ ಹೊರಗೆ ಬಂದಿದೆ. ಭಲೇ! ಮೀಸೆಯ ಕೂದಲು ಎಣಿಸಬಹುದು!"

ಊರೇ ಮಾಸ್ತರ ಮೀಸೆಯತ್ತ ತಿರುಗಿತು. ಗೋದಾಮು ನಗೆಯಿಂದ ನಡುಗಿತು.

"ಕತ್ತರಿಸಿದ ಕೂಡ್ಲೆ ನೋಡದ ಒಲಿಗೆ ಹಾಕಿದ್ನಿ," ಎಂದು ಮಾಸ್ತರು ಗೊಣಗಿದರು. "ನೌಕರಿ ಆಳಿನ ಪಾಲಾಗ್ತದಂತ ಹೆದರಿದ್ನಿ." ಅವರನ್ನು ನೀಲಪ್ಪನ ಕೈಗೆ ಒಪ್ಪಿಸಿದೆ. ಅಡಿವೆವ್ವನಿಗೆ ಎಲ್ಲರೆದುರು ಕೈಮುಗಿದು ತಪ್ಪಾಯಿತೆಂದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

"ನೌಕರಿ ನಿನ್ನದವ್ವಾ," ಎಂದರು ಹಿರಿಯರು ಕೆಳಗಿಳಿದು. "ಆ ಕಣ್ಣು ಮತ್ತೆ ಬರೆದುಕೊಡ್ತೀಯಲ್ಲ?"

"ಬರೀತೀನ್ರಿ. ಅದಕ್ಕೂ ಮೊದಲ ಒಂದು ಕೆಲಸ ಐತಿ."

ಅವಳು ಸುಣ್ಣದ ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿದಳು. ಜನ ದಾರಿ ಬಿಟ್ಟರು. ಪರದೆಯ ಬುಡದಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ಒಂದೊಂದು ಅಕ್ಷರ ಆಳೆತ್ತರ ಬರುವಂತೆ ತನ್ನ ಹೆಸರು ಬರೆದಳು.