ಬಾಗಿಲಾಚೆ ಕೂತ ತೀರ್ಪುಗಾರ್ತಿ

"ಕನ್ನಡಕ ಹಣೆ ಮೇಲಿದ್ರೆ ಕಣ್ಣು ಉಳಿಯಲ್ಲ, ಗೆರಿಟ್."

ಮೇಜಿನಡಿ ತೂರಿ, ಬಿದ್ದ ನಟ್ಟೊಂದನ್ನು ಹುಡುಕುತ್ತಿದ್ದ ಗೆರಿಟ್ ತಲೆಯೆತ್ತಿದ. ಮುಂದೆ ಮಾರ್ಲಿಸ್ ನಿಂತಿದ್ದಳು, ತೀರ್ಪುಗಾರರು ಮಾತ್ರ ತೊಡುವ ನೀಲಿ ಅಂಗಿಯಲ್ಲಿ. ಅವನು ಕಣ್ಣು ಕಾಯುವ ಆ ಪ್ಲಾಸ್ಟಿಕ್ ಕನ್ನಡಕ ಇಳಿಸಿಕೊಂಡ. ಅದರ ಹಿಂದೆ ಕಣ್ಣು ನಗುತ್ತಲೇ ಇದ್ದವು.

"ನೀವಾ! ಹೋದ ವಾರ ಹಿಮ ಬಿದ್ದು ನಮ್ಮ ಕಡೆಯ ರೋಬೋಟ್ ಸ್ಪರ್ಧೆ ರದ್ದಾಯ್ತಲ್ಲ, ನಮ್ಮನ್ನ ಇಲ್ಲಿಗೆ ತಳ್ಳಿದ್ರು. ನೀವಿರ್ತೀರ ಅಂತ ಗೊತ್ತಿದ್ರೆ ಗಡ್ಡ ಆದ್ರೂ ಬೋಳಿಸ್ಕೊಂಡು ಬರ್ತಿದ್ದೆ."

"ಗಡ್ಡಕ್ಕೆ ಅಂಕ ಇಲ್ಲ," ಎಂದಳು ಮಾರ್ಲಿಸ್. ನಗಬಾರದೆಂದು ತುಟಿ ಕಚ್ಚಿಕೊಂಡಳು.

ಗೆರಿಟ್ ಮಿಶಿಗನ್ ಸರೋವರದ ದಡದ ಪುಟ್ಟ ಊರಿನಲ್ಲಿ ಮರಗೆಲಸದ ಮೇಷ್ಟ್ರು. ಅವಳು ಅದೇ ಊರಿನ ಕುರ್ಚಿ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವಳು. ಬುಧವಾರ ಸಂಜೆ ಚರ್ಚಿನ ಗಾಯನಕ್ಕೆ ಇಬ್ಬರಿಗೂ ಒಂದೇ ಹಾಡಿನ ಪುಸ್ತಕ. ಸಾಲು ಮುಗಿಯುವ ಮುನ್ನವೇ ಅವನ ಹೆಬ್ಬೆರಳು ಅವಳಿಗಾಗಿ ಹಾಳೆ ಮಗುಚುತ್ತಿತ್ತು. ಎರಡು ಚಳಿಗಾಲ ಹೀಗೇ ಕಳೆದಿತ್ತು. ಮನಸ್ಸಿನಲ್ಲಿದ್ದುದನ್ನು ಒಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಾರ್ಲಿಸ್‌ಳ ಜೊತೆ ಬಂದಿದ್ದ ಮುದಿ ತೀರ್ಪುಗಾರ ಹೆರಾಲ್ಡ್ ಗೆರಿಟ್‌ನ ತಂಡದ ಶಾಲಾಮಕ್ಕಳ ಕಡೆ ತಿರುಗಿದ. "ಮೊದಲ ವರ್ಷವಾ? ಈ ರೋಬೋಟಿನ ಕೈ ಮರದ್ದೇ?"

"ಮೇಪಲ್ ಮರ, ಸಾರ್. ಎರಡು ಸಲ ಮುರೀತು. ಮೂರನೇದು ಇದು," ಎಂದಳು ಸಾಸ್ಕಿಯಾ ಎಂಬ ಹುಡುಗಿ.

"ಮೇಷ್ಟ್ರು ಮಾಡಿಕೊಟ್ರಾ?"

"ಅಯ್ಯೋ, ಅವರಾ! ಕೈ ಜೇಬಲ್ಲಿಟ್ಕೊಂಡು ನಿಂತ್ಬಿಡ್ತಾರೆ. ನಾವು ತಪ್ಪು ಕೊಯ್ದರೂ ಕೈ ಹೊರಗೆ ಬರಲ್ಲ. ಇವತ್ತು ಬಗ್ಗಿದ್ದೇ ದೊಡ್ಡದು, ಅದೂ ಒಂದು ನಟ್ಟಿಗೆ!"

ಮಕ್ಕಳು ಗೊಳ್ಳೆಂದರು. ಗೆರಿಟ್ ನಾಚಿ ಎರಡೂ ಕೈ ಜೇಬಿಗಿಟ್ಟ.

ಸಂಜೆಗೆ ಮಾರ್ಲಿಸ್‌ಳ ಕಾಲು ಬಾತುಕೊಂಡಿದ್ದವು. ರಸಾಯನಶಾಸ್ತ್ರದ ಕೊಠಡಿಯಲ್ಲಿ ತೀರ್ಪುಗಾರರೆಲ್ಲ ಮೇಜಿನಡಿ ಬೂಟು ಕಳಚಿ ಕೂತಿದ್ದರು. ಕಾಫಿ ಆರಿಹೋಗಿತ್ತು. ಹೆರಾಲ್ಡ್ ತೂಕಡಿಸುತ್ತಿದ್ದ. ಉಳಿದದ್ದು ಹೊಸ ತಂಡದ ಬಹುಮಾನ. ಅದು ಸಿಕ್ಕ ತಂಡಕ್ಕೆ ರಾಜ್ಯಮಟ್ಟದ ಸ್ಪರ್ಧೆ, ಸಿಗದಿದ್ದವರಿಗೆ ಈ ವರ್ಷದ ಆಟ ಇಲ್ಲಿಗೇ ಮುಗಿಯಿತು. ಕಣದಲ್ಲಿ ಎರಡು ತಂಡ: ಗೆರಿಟ್‌ನ ಮಕ್ಕಳು, ಮತ್ತು ಕಾರು ಕಾರ್ಖಾನೆಯೊಂದರ ಎಂಜಿನಿಯರುಗಳನ್ನು ಬೆನ್ನಿಗಿಟ್ಟುಕೊಂಡ ದೊಡ್ಡ ಶಾಲೆಯೊಂದು. ಅದರ ಯಂತ್ರ ಬೆಳ್ಳಿತಟ್ಟೆಯಂತೆ ಹೊಳೆಯುತ್ತಿತ್ತು. ಒಳಗೆ ಬರುವಾಗಲೇ ಎಲ್ಲರ ಬಾಯಲ್ಲೂ ಆ ಹೊಳಪೇ.

ಮಾರ್ಲಿಸ್‌ಳ ನಾಲಿಗೆಯ ತುದಿಯಲ್ಲಿ ಒಂದು ಮಾತು ಕಾದಿತ್ತು: ಮಕ್ಕಳೇ ಮಾಡಿದ್ದು ಯಾವುದು, ಮೊದಲು ಅದನ್ನು ಕೇಳಿ. ಅಷ್ಟು ಸಾಕಿತ್ತು.

ಹಿರಿಯ ತೀರ್ಪುಗಾರ್ತಿ ಡಿಲೋರಿಸ್ ಪ್ರತಿ ಸಲದಂತೆ ಕೇಳಿದಳು: "ಈ ಎರಡು ತಂಡದಲ್ಲಿ ಯಾರಿಗಾದ್ರೂ ನಂಟಿದ್ರೆ ಕೈ ಎತ್ತಿ, ಆಚೆ ಕೂತ್ಕೊಳ್ಳಿ."

ಒಂದು ಹಾಡಿನ ಪುಸ್ತಕ ನಂಟಲ್ಲ. ಯಾವ ನಿಯಮದಲ್ಲೂ ಅದಿಲ್ಲ. ಆದರೆ ಚಿಕ್ಕಂದಿನಲ್ಲಿ ಊಟವಾದ ಮೇಲೆ ಅಪ್ಪ ಬೈಬಲ್ ಓದುವಾಗ, ನ್ಯಾಯದ ತಕ್ಕಡಿಯ ಮಾತು ಬಂದರೆ ದನಿ ತಗ್ಗಿಸುತ್ತಿದ್ದರು. ದೇವರು ಪಕ್ಕದ ಕೋಣೆಯಲ್ಲೇ ಇದ್ದು ಕೇಳಿಸಿಕೊಳ್ಳುತ್ತಿದ್ದಾನೆ ಎಂಬಂತೆ. ಮಾರ್ಲಿಸ್ ಕೈ ಎತ್ತಿದಳು.

"ನಿನಗೇನೇ ನಂಟು? ತಮ್ಮನಾ?"

"ಅಲ್ಲ. ಅದಕ್ಕಿನ್ನೂ ಹೆಸರಿಟ್ಟಿಲ್ಲ."

"ಹೆಸರಿಲ್ಲದ್ದಕ್ಕೆಲ್ಲ ಯಾಕೆ ಎದ್ದು ಹೋಗ್ತೀಯ? ಕೂತ್ಕೋ."

"ಹೆಸರಿಲ್ಲದ್ದೇ ಜಾಸ್ತಿ ತೂಗುತ್ತೆ, ಡಿಲೋರಿಸ್."

ಬೂಟನ್ನು ಕೈಯಲ್ಲಿ ಹಿಡಿದೇ ಹೊರಗೆ ಹೋದಳು. ಹೋಗುತ್ತ ಹೆರಾಲ್ಡ್‌ನ ಭುಜ ತಟ್ಟಿದಳು. "ಏಳಿ. ಎರಡೂ ತಂಡ ನೀವೂ ನೋಡಿದ್ದೀರಲ್ಲ." ಅವನು ಕಣ್ಣುಜ್ಜಿಕೊಂಡ. ಅಷ್ಟಕ್ಕಿಂತ ಹೆಚ್ಚು ಹೇಳುವುದು ಅವಳ ಪಾಲಿಗಿರಲಿಲ್ಲ.

ಗೆರಿಟ್ ಅವಳನ್ನು ಕಂಡದ್ದು ಪಡಸಾಲೆಯ ಬೆಂಚಿನ ಮೇಲೆ. ಅವನ ಕೈಯಲ್ಲಿ ಬಾಯಿ ಬಿಚ್ಚಿದ ಚಿಪ್ಸ್ ಪೊಟ್ಟಣ, ಚಿಪ್ಸ್ ಮೇಲೆ ಸುರಿದ ಬಿಸಿ ಖೀಮಾ.

"ತಿನ್ನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ಮುಖವೇ ಹೇಳುತ್ತೆ." ಆಮೇಲೆ ಮುಚ್ಚಿದ ಬಾಗಿಲು ನೋಡಿದ. ಆ ಪದ್ಧತಿ ಅವನಿಗೂ ಗೊತ್ತಿತ್ತು. "ಆಚೆ ಕೂತಿದ್ದೀರಿ ಅಂದ್ರೆ... ಯಾವ ತಂಡದಲ್ಲಿ ನಿಮ್ಮವರು?"

"ನಿಮ್ಮ ತಂಡದಲ್ಲಿ."

"ನಮ್ಮದ್ರಲ್ಲಾ? ಯಾರು, ಸಾಸ್ಕಿಯಾ?"

ಮಾರ್ಲಿಸ್ ಸುಸ್ತಾದ ಕಣ್ಣೆತ್ತಿ ಅವನನ್ನೇ ನೋಡಿದಳು. ಗೆರಿಟ್‌ನ ಕಿವಿ ಮೆಲ್ಲಗೆ ಕೆಂಪಾದವು. ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಒಮ್ಮೆ ತಿರುಗಿಯೂ ನೋಡಿದ.

"ಯಾರೂ ಇಲ್ಲ, ಪೆದ್ದ," ಎಂದಳು.

ಅವನು ಬೆಂಚಿನ ತುದಿಯಲ್ಲಿ ಕೂತ. ಪೊಟ್ಟಣ ಅವಳ ಮಡಿಲಲ್ಲಿ ಆರಿತು.

ಸ್ವಲ್ಪ ಹೊತ್ತಿಗೆ ಆಟದಂಗಳದಿಂದ ಧ್ವನಿವರ್ಧಕ ಕೂಗಿತು. ಬಹುಮಾನ ದೊಡ್ಡ ಶಾಲೆಗೆ. ಅಂಗಳದ ತೆರೆದ ಬಾಗಿಲಿನಿಂದ ಆ ತಂಡದ ಒಬ್ಬ ಹುಡುಗಿ ಮುಖ ಮುಚ್ಚಿಕೊಂಡು ಅಳುತ್ತಿದ್ದುದು ಕಂಡಿತು, ಸಂತೋಷಕ್ಕೆ. ಅವರಿಗೂ ಇದು ಮೊದಲ ವರ್ಷವೇ ಎಂಬುದು ಮಾರ್ಲಿಸ್‌ಗೆ ಆಗ ನೆನಪಾಯಿತು. ಗೆರಿಟ್‌ನ ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸಾಸ್ಕಿಯಾಳ ಗಲ್ಲ ನಡುಗುತ್ತಿತ್ತು.

"ನಾನು ಒಳಗಿದ್ದಿದ್ರೆ ಒಂದು ಮಾತು ಹೇಳ್ತಿದ್ದೆ," ಎಂದಳು. "ಅದರಿಂದ ಗೆಲ್ತಿದ್ರೇನೋ."

"ಹಾಗೆ ಗೆದ್ದಿದ್ರೆ ಬುಧವಾರ ನಿಮ್ಮ ಪಕ್ಕ ನಿಂತು ಹಾಡೋಕೆ ನನಗೆ ದನಿ ಬರ್ತಿರಲಿಲ್ಲ."

"ಮುಂದಿನ ವರ್ಷದಿಂದ ನನಗೆ ಈ ನೀಲಿ ಅಂಗಿ ಇಲ್ಲ, ಗೆರಿಟ್. ನಿಮ್ಮ ತಂಡ ಇರೋ ತನಕ."

"ಮಕ್ಕಳಿಗೆ ನಕ್ಷೆ ಬರೆಯೋಕೆ ಬರಲ್ಲ. ನೀವು ಬಂದು..." ಮಾತು ಅಲ್ಲಿಗೇ ನಿಂತಿತು. "ನಕ್ಷೆಗಲ್ಲ. ನನಗಾಗಿ ಬನ್ನಿ."

ಮೇಪಲ್ ಮುರಿದಾಗಲೂ ಜೇಬು ಬಿಡದಿದ್ದ ಕೈ ಈಗ ಹೊರಗೆ ಬಂತು. ಬೆಂಚಿನ ಮೇಲೆ ಅಂಗೈ ಮೇಲಾಗಿ ಕಾಯಿತು.

ಮಾರ್ಲಿಸ್ ಬೂಟು ಕೆಳಗಿಟ್ಟು ಅದರ ಮೇಲೆ ತನ್ನ ಕೈಯಿಟ್ಟಳು.

"ಬನ್ನಿ, ಮಕ್ಕಳು ಕಾಯ್ತಿದ್ದಾರೆ," ಎಂದಳು.

ಇಬ್ಬರೂ ಏಳಲಿಲ್ಲ.