ನೂರ ನಲವತ್ತು ಹಗ್ಗಗಳು

ಬೀಗ ತೆಗೆದು ದೀಪ ಹಾಕಿದ ಯಮುನಾ ಬಾಗಿಲಲ್ಲೇ ನಿಂತುಬಿಟ್ಟಳು. ನಾಲ್ಕೂ ಗೋಡೆಗಳ ತುಂಬ ತೂತು. ನೂರ ನಲವತ್ತು ತೂತು!

ತಿಪಟೂರಿನ ಆ ಹಳೇ ಕೊಬ್ಬರಿ ಮಂಡಿಯ ಗೋಡೆಗಳಿಗೆ, ತಾನೇ ಚಿತ್ರ ಬರೆದು ಅಚ್ಚು ಹಾಕಿಸಿದ ವಾಲ್‌ಪೇಪರನ್ನು ಅವಳು ನೆಲದಿಂದ ಸೂರಿನವರೆಗೆ ಹಚ್ಚಿಸಿದ್ದಳು. ಒಂದೇ ಚಿತ್ರ, ಮತ್ತೆ ಮತ್ತೆ—ತೆಂಗಿನ ಮರ, ಅದನ್ನು ಹತ್ತುತ್ತಿರುವ ಅವಳ ಗಂಡ ಚಿತ್ತೇಶ್, ಬುಡದಲ್ಲಿ ಹರಿದು ಬಿದ್ದ ಕಾಲುಹಗ್ಗ. ಮರ ಹತ್ತುವಾಗ ಪಾದಗಳಿಗೆ ಸಿಕ್ಕಿಸಿಕೊಳ್ಳುವ ಆ ಹಗ್ಗ ಹರಿದೇ ಏಳು ತಿಂಗಳ ಹಿಂದೆ ಅವನು ಬಿದ್ದು ಸತ್ತದ್ದು. ಒಳಗೆ ಬಂದವರಿಗೆ ಆ ತೋಟದಲ್ಲೇ ನಿಂತಂತಾಗಬೇಕು. ಹನ್ನೊಂದಕ್ಕೆ ಪ್ರದರ್ಶನ.

ಮರ ಹಾಗೇ ಇತ್ತು. ಚಿತ್ತೇಶ್ ಹಾಗೇ ಇದ್ದ. ಹಗ್ಗ ಮಾತ್ರ ಎಲ್ಲೂ ಇರಲಿಲ್ಲ!

ಅರ್ಧ ಗಂಟೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಸುನಂದಾ ಬಂದರು.

"ಬೀಗದ ಕೈ ಎಲ್ಲಿರುತ್ತೆ?"

"ಕಿಟಕಿ ಮೇಲೆ. ಮೂವರಿಗೆ ಗೊತ್ತು."

ಸುನಂದಾ ಮೂವರನ್ನೂ ಅಲ್ಲಿಗೇ ಕರೆಸಿದರು. ಮೊದಲನೆಯವನು ಮಂಡಿಯ ಮಾಲೀಕ ಭೀಮರಾಜು. ಕುರ್ಚಿಯಿಂದ ಏಳಲೂ ಏದುಸಿರು ಬಿಡುವ ಮನುಷ್ಯ.

"ಸತ್ತೋರ ಚಿತ್ರ ಬ್ಯಾಡ ಕಣವ್ವ ಅಂತ ಬಡ್ಕಂಡೆ, ನಿಜ. ಅದ್ಕೇ ಬ್ಲೇಡ್ ಹಿಡ್ಕಂಡು ಕೂತ್ಕಳಕ್ಕೆ ನಂಗೇನು ಬ್ಯಾರೆ ಕೆಲ್ಸ ಇಲ್ವಾ?" ಎಂದವನು ದನಿ ತಗ್ಗಿಸಿದ. "ಪಾಪ, ಚಿತ್ತೇಶ ಇನ್ನೆರಡು ದಿನ ಬದುಕಿದ್ರೆ ಅಣ್ತಮ್ಮಂದ್ರಿಗೆ ತೋಟ ಭಾಗ ಆಗೋದು. ನಾನೇ ಸಾಕ್ಷಿ ಹಾಕ್ಬೇಕಿತ್ತು."

ಎರಡನೆಯವನು ಕಾಗದ ಅಂಟಿಸಿದ ಜ್ಞಾನೇಶ್.

"ಜೋಡಣೆ ಸೊಟ್ಟ ಅಂತ ನಿನ್ನೆ ಬೈಸ್ಕಂಡೆ ಮೇಡಂ. ಅದಕ್ಕೆ ನನ್ ಕೆಲ್ಸ ನಾನೇ ಹಾಳ್ಮಾಡ್ಕಳ್ಲಾ? ಏಣಿ ತಗಂಡು ಐದು ಗಂಟೆಗೇ ಹೋದೆ."

ಮೂರನೆಯವನು ಚಿತ್ತೇಶನ ಅಣ್ಣ ಯತ್ತಪ್ಪ. ಅವನೂ ತೆಂಗಿನ ಮರ ಹತ್ತುವವನೇ.

"ನಿನ್ನೆ ನಮ್ಮುಡ್ಗನ್ನ ನೋಡಕ್ಕೆ ಬಂದಿದ್ದೆ. ಚೆನ್ನಾಗವ್ನೆ ಗೋಡೆ ಮ್ಯಾಲೆ. ಬುಡಿ ಮೇಡಂ, ಇವ್ಳನ್ನ ಮನೆಗೆ ಕರ್ಕಂಡೋಗ್ತೀನಿ."

ಸುನಂದಾ ತಲೆಯೆತ್ತಿ ನೋಡಿದರು. ಹದಿನಾಲ್ಕು ಅಡಿ ಎತ್ತರದ ಸಾಲಿನಲ್ಲೂ ತೂತುಗಳಿದ್ದವು. ಗೋಡೆಗೆ ಒತ್ತಿಕೊಂಡಿದ್ದ ಮರದ ಕಂಬಗಳನ್ನು ಬೆರಳಿನಿಂದ ಸವರಿದರು.

"ಯಮುನಾ, ಈ ಕಾಗದ ಇನ್ನೂ ಇದೆಯಾ?"

"ಕಾರಿನಲ್ಲಿ ಒಂದು ಸುರುಳಿ ಇದೆ."

"ಇನ್ನೂ ಐತಾ?" ಯತ್ತಪ್ಪ ಥಟ್ಟನೆ ಕೇಳಿದ. "ಇಷ್ಟೂ ನೀನು ಕೈಯಲ್ಲೇ ಬರ್ದಿದ್ದಲ್ವಾ?"

"ಅಲ್ಲ, ಅಚ್ಚು ಹಾಕಿಸಿದ್ದು," ಎಂದು ಯಮುನಾ ಸುರುಳಿ ತಂದಳು. ಸುನಂದಾ ಸುರುಳಿಯನ್ನು ನೆಲದ ಮೇಲೆ ಬಿಚ್ಚಿದರು.

"ಚಿತ್ರ ಕಂಡರಾಗದವರು ಮುಖ ಹರೀತಾರೆ. ಇಲ್ಲಿ ಹಗ್ಗ ಮಾತ್ರ ಹೋಗಿದೆ—ಯಾಕೆ? ನೋಡಿ, ಸವೆದು ಹರಿದ ಹಗ್ಗದ ಎಳೆ ಪೊರಕೆ ಥರ ಉದ್ದಗಿಡ್ಡ ಇರುತ್ತೆ. ಇಲ್ಲಿ ಮುಕ್ಕಾಲು ಪಾಲು ಒಂದೇ ಸಮ. ಕುಡುಗೋಲಿನ ಕೆಲಸ! ಉಳಿದ ನಾಲ್ಕೆಳೆ ಮಾತ್ರ ಭಾರಕ್ಕೆ ಕಿತ್ತುಹೋಗಿವೆ. ಇದನ್ನ ಯಾವಾಗ ಬರೆದ್ರಿ?"

"ಅವತ್ತೇ. ಮರದ ಬುಡದಲ್ಲಿ. ಅಳು ಬರಲಿಲ್ಲ. ಕಂಡದ್ದನ್ನ ಬರೆದೆ."

"ಆಮೇಲೆ ಹಗ್ಗ?"

"ಭಾವ ಒಲೆಗೆ ಹಾಕಿದರು. ನನ್ನ ಕಣ್ಣಿಗೆ ಬೀಳಬಾರದು ಅಂತ."

ಹೇಳಿ ಮುಗಿಸುವಷ್ಟರಲ್ಲಿ ಅವಳು ಯತ್ತಪ್ಪನತ್ತ ತಿರುಗಿದಳು.

ಸುನಂದಾ ಬೆರಳ ತುದಿ ತೋರಿಸಿದರು. ಅಲ್ಲಿ ತೆಂಗಿನ ನಾರಿನ ಎರಡು ಎಳೆ.

"ಕಂಬದ ಎರಡೂ ಬದಿ ಹಗ್ಗ ಉಜ್ಜಿದ ಗುರುತಿದೆ. ಜ್ಞಾನೇಶನಿಗೆ ಏಣಿ ಇದೆ, ಕಂಬ ಹತ್ತಬೇಕಿಲ್ಲ. ಭೀಮರಾಜು ಹತ್ತಲಾರ. ಕಾಲುಹಗ್ಗ ಹಾಕಿ ಹತ್ತೋರು ಇಲ್ಲಿ ಒಬ್ಬರೇ. ಹಗ್ಗ ಸುಟ್ಟೆ, ಮುಗೀತು ಅಂದ್ಕೊಂಡಿದ್ರಿ, ನಿನ್ನೆ ಗೋಡೆ ಮೇಲೆ ಮತ್ತೆ ಕಂಡಿತು. ಅಲ್ವಾ ಯತ್ತಪ್ಪನೋರೆ?"

ಯತ್ತಪ್ಪ ಸುನಂದಾರನ್ನು ನೋಡಲಿಲ್ಲ.

"ಅದನ್ಯಾಕವ್ವಾ ಬರ್ದೆ?"

ಯಮುನಾ ತನ್ನ ಬಲಗೈ ನೋಡಿಕೊಂಡಳು. ಅದು ಬರೆದ ಹಗ್ಗವನ್ನು ನೂರ ನಲವತ್ತು ಸಲ ಗೋಡೆಗೆ ಹಚ್ಚಿಸಿದ್ದಳು.

"ಕೈ ನೋಡಿತ್ತು ಭಾವ. ನಾನು ನೋಡಿರಲಿಲ್ಲ."

ಹನ್ನೊಂದಕ್ಕೆ ಬಾಗಿಲು ತೆರೆಯಿತು. ತೂತುಗಳನ್ನು ಅವಳು ಮುಚ್ಚಿಸಲಿಲ್ಲ.