ಒರೆಸಿದ ಗುರುತು

"ನಾಳೆ ಏಳು ಗಂಟೆ ಬಸ್ಸಿಗೆ ಬೆಂಗಳೂರಿಗೆ ಹೊರಟೆ ಕಣ್ರೀ ಗಿರಿಜಾ. ಏನು ತರಲಿ?" ಎಂದು ಓರೆನೋಟದಲ್ಲೇ ನಕ್ಕ ಹಾಲಸ್ವಾಮಿ.

"ನಮ್ಮ ಹುಳಕ್ಕೊಂದು ಹೆಸರು ತನ್ನಿ, ಸಾಕು."

ಹಾಲಸ್ವಾಮಿ ತಿಪಟೂರಿನ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಎಪ್ಪತ್ತಾರನೇ ಇಸವಿಯಿಂದ ಎರಡು ವರ್ಷ, ಭಾನುವಾರ ತಪ್ಪದೆ ಶೆಟ್ಟಿಕೆರೆಯ ಈ ಮನೆಗೆ ಬಂದಿದ್ದ. ಬರುವುದು ಹುಳಕ್ಕೋ ಹುಡುಗಿಗೋ ಎಂದು ಊರಿನವರು ಕೇಳಿಕೊಳ್ಳುತ್ತಿದ್ದರು. ಗಿರಿಜಾಂಬಿಕೆಗೂ ಅದೇ ಪ್ರಶ್ನೆಯಿತ್ತು.

ಹುಳ ಸಿಕ್ಕಿದ್ದು ಇದೇ ಮನೆಯ ಅಟ್ಟದಲ್ಲಿ, ವರ್ಷವಿಡೀ ಕಾಯಿ ಒಣಗಿ ಕೊಬ್ಬರಿಯಾಗುವ ಕಡೆ. ಅವರೆಕಾಳಿನಷ್ಟೂ ಇಲ್ಲದ ಜೀರುಂಡೆ. ಹೆಣ್ಣಿಗೆ ರೆಕ್ಕೆಯೇ ಇಲ್ಲ, ಗಂಡಿಗೆ ಇದ್ದೂ ಇಲ್ಲದಂತೆ. ಯಾವ ಕುಲದ್ದೆಂದು ತಿಳಿಯದೆ ಇಬ್ಬರೂ ತಲೆ ಕೆಡಿಸಿಕೊಂಡಿದ್ದರು. ಅದು ಗೊತ್ತಾಗಿ ಲೇಖನ ಅಚ್ಚಾದ ದಿನವೇ ನಿಮ್ಮನ್ನು ಕೊಡಿ ಎಂದು ನಿಮ್ಮ ತಂದೆಯನ್ನು ಕೇಳುತ್ತೇನೆ ಎಂದು ಅವನು ಹೇಳಿದ್ದ. ಈ ಗುರುವಾರ ತುರುವೇಕೆರೆಯಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು.

"ಮ್ಯೂಸಿಯಂನವರ ಕಾಗದ ಬಂತು," ಎಂದ. "ಅದರ ಮೈಮೇಲೆ ಬೂದಿ ಥರ ಪುಡಿ ಇದ್ಯಲ್ಲ, ಅದು ಹುರುಪೆಯಂತೆ, ಚಿಟ್ಟೆ ರೆಕ್ಕೇಲಿ ಇರೋ ಹಂಗೆ. ಕುಲದ ಗುರುತೇ ಅದು. ನಾವು ಹಿಡಿದಿಟ್ಟ ಒಂಬತ್ತು ಹುಳದ ಪೆಟ್ಟಿಗೆ ತನ್ನಿ."

ಗಿರಿಜೆ ಪೆಟ್ಟಿಗೆ ತಂದಿಟ್ಟಳು, ಮುಚ್ಚಳದ ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ.

ಕೊಬ್ಬರಿ ಮಾಡುವ ಮನೆಯ ಮಗಳು. ಒರೆಸಿ ಹೊಳೆಯಿಸದ ಕೊಬ್ಬರಿ ಮಂಡಿಗೆ ಹೋದರೆ ಮನೆಯ ಮಾನ ಹೋಯಿತು ಎಂದು ಕಲಿತವಳು. ಅವನ ಹುಳುಗಳು ಇಂದಲ್ಲ ನಾಳೆ ಬೆಂಗಳೂರಿನ ದೊಡ್ಡವರ ಕಣ್ಣಿಗೆ ಬೀಳುವಾಗ ಧೂಳು ಹಿಡಿದಿರಬಾರದೆಂದು ನಿನ್ನೆ ಮಧ್ಯಾಹ್ನ ಹತ್ತಿಯಿಂದ ಒಂಬತ್ತನ್ನೂ ನಯವಾಗಿ ಒರೆಸಿದ್ದಳು. ಅಷ್ಟು ಪ್ರೀತಿಯಿಂದ ಬೇರಾವ ಕೆಲಸವನ್ನೂ ಅವಳು ಮಾಡಿರಲಿಲ್ಲ.

ಮುಚ್ಚಿದಂತೆಯೇ ಕೊಟ್ಟು ಸುಮ್ಮನಿರಬಹುದಿತ್ತು. ಬಸ್ಸಿನ ಕುಲುಕಾಟಕ್ಕೆ ಉದುರಿತೆಂದು ಅವನು ನಂಬಿಬಿಡುತ್ತಿದ್ದ. ಆದರೆ ನಾಲ್ಕು ಜನರ ಮುಂದೆ ಅವನು ಪೆಟ್ಟಿಗೆ ತೆರೆದು ತಲೆ ತಗ್ಗಿಸುವುದನ್ನು ನೆನೆದು ಅವಳಿಗೆ ತಡೆಯಲಾಗಲಿಲ್ಲ.

"ಒರೆಸಿಬುಟ್ಟೆ ಕಣ್ರೀ. ಧೂಳು ಅನ್ಕೊಂಡೆ."

ಅವನು ಪೆಟ್ಟಿಗೆ ತೆರೆದು ಬಹಳ ಹೊತ್ತು ನೋಡಿದ. ಒಂಬತ್ತೂ ಮಿರಮಿರ ಹೊಳೆಯುತ್ತಿದ್ದವು. ಅವನ ಕಣ್ಣು ಅವಳತ್ತ ತಿರುಗಲೇ ಇಲ್ಲ.

"ಅಟ್ಟದಲ್ಲಿ ಇನ್ನೊಂದಾದ್ರೂ ಸಿಗಬಹುದಾ?"

"ಮೊನ್ನೆ ತಾನೆ ಕಾಯೆಲ್ಲ ಇಳಿಸಿ ಗುಡಿಸಿದ್ರು. ಮತ್ತೆ ಏರಿಸಿ, ಒಣಗಿ, ಹುಳ ಸೇರೋ ಹೊತ್ಗೆ ಬರೋ ವರ್ಷ."

ಅವನು ಎದ್ದು ಚಪ್ಪಲಿ ಮೆಟ್ಟಿದ. ಮುಗಿಯಿತು ಎಂದುಕೊಂಡಳು. ಅವನು ಮಾತ್ರ ಬಸ್ಸಿನ ದಾರಿ ಹಿಡಿಯದೆ, ಮನೆ ಬಳಸಿಕೊಂಡು ಹಿತ್ತಲಿಗೆ ಹೋದ. ಅಲ್ಲಿ ಅವಳ ಅಪ್ಪ ಮಲ್ಲಿಕಾರ್ಜುನಯ್ಯ ಗೋಣಿತಾಟಿನ ಮೇಲೆ ಕೂತು ಕೊಬ್ಬರಿ ಒರೆಸುತ್ತಿದ್ದರು. ಗಿರಿಜೆ ಹಿತ್ತಲ ಬಾಗಿಲ ಮರೆಗೆ ಓಡಿದಳು.

"ಬನ್ನಿ ಮೇಷ್ಟ್ರೇ. ಹುಳಕ್ಕೆ ಹೆಸರು ಸಿಕ್ತಾ?"

"ಇಲ್ಲ ಯಜಮಾನ್ರೇ. ಬರೋ ವರ್ಷಕ್ಕೆ ಹೋಯ್ತು." ಅವನು ಕೂರದೆ ನಿಂತೇ ಇದ್ದ. "ಅಲ್ಲೀವರ್ಗೂ ಗಿರಿಜಾನ ಕೊಡ್ತೀರಾ ಅಂತ ನಿಮ್ಮನ್ನ ಕೇಳದೆ ಕೂತ್ರೆ ಆಗಲ್ಲ. ಅದಕ್ಕೇ ಬಂದೆ."

ಅಪ್ಪನ ಕೈಯ ಬಟ್ಟೆ ನಿಂತಿತು.

"ತುರುವೇಕೆರೆಯೋರಿಗೆ ಬನ್ನಿ ಅಂದುಬುಟ್ಟಿವ್ನಲ್ಲಪ್ಪ," ಎಂದರು. ಆಮೇಲೆ ಗೋಣಿತಾಟಿನ ಮೇಲೆ ತುಸು ಸರಿದರು. "ಮೊದ್ಲು ಕೂತ್ಕೊ."

ಎರಡು ವರ್ಷ 'ನೀವು, ಬನ್ನಿ' ಎನ್ನುತ್ತಿದ್ದ ಅಪ್ಪ, ಮನೆಯವರನ್ನು ಕರೆದಂತೆ ಅವನನ್ನು ಕರೆದದ್ದು ಅವತ್ತೇ ಮೊದಲು. ಗಿರಿಜೆ ಬಾಗಿಲಿಗೆ ಹಣೆಯಿಟ್ಟು ಅತ್ತಳು.